ಹೊಂಡದಂಚಿನಲ್ಲಿ ಕೂತ ಮುನಿಸು

ಶ್ರೀನಿವಾಸಪುರದ ಹತ್ತಿರ ನನ್ನಕ್ಕನ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಕಳೆದು ಎದ್ದವೆಂದರೆ ಆ ಒಂದು ವಾರ ಮನುಷ್ಯರ ಹಸಿವನ್ನು ಯಾರೂ ಕೇಳುವುದಿಲ್ಲ. ಹುಳು ಪೊರೆ ಬಿಡುವ ನಿದ್ದೆಗೆ ಅಲ್ಲಿ ಜ್ವರ ಅನ್ನುತ್ತಾರೆ. ಕೊನೆಯದು ಮುಗಿದ ಮೇಲೆ ಅವಕ್ಕೆ ಹೊತ್ತು ಹೊತ್ತಿಗೂ ಸೊಪ್ಪು ಬೇಕು. ಭಾವ ನರಸಾಪುರದ ಫ್ಯಾಕ್ಟರಿ ಕೆಲಸಕ್ಕೆ ಹೋಗಿಬಿಡುವುದರಿಂದ ಕೊಯ್ಯುವುದು, ಹಾಕುವುದು ಎಲ್ಲ ಅಕ್ಕನದೇ. ಐದು ವರ್ಷದ ಮಗಳು ಅಡ್ಡ ಬಂದರೆ ಬೈಗುಳ, ಮತ್ತೂ ಬಂದರೆ ಏಟು. ಏಟು ಬಿದ್ದ ಕೂಡಲೇ ಅಕ್ಕನ ಅತ್ತೆ "ಅಯ್ಯೋ ನಾ ತಲ್ಲೀ" ಎಂದು ತೆಲುಗಿನಲ್ಲಿ ಮುದ್ದಿಸಿ ಮಗುವಿನ ಬಾಯಿಗೆ ಬೆಲ್ಲ ಇಡುತ್ತಿದ್ದರು. ಹುಡುಗಿ ಕಚ್ಚುವುದು, ಎಸೆಯುವುದು ಎರಡನ್ನೂ ಚೆನ್ನಾಗಿ ಕಲಿತಿದ್ದಳು.

ನಾನು ಕಾಲೇಜಿನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವಳು. ಬುದ್ಧಿ ಹೇಳಲು ಹೋದರೆ ಅಕ್ಕ, "ಪಾಠ ಆಮೇಲೆ ಮಾಡು, ಕುಡುಗೋಲು ತಗೊಳ್ಳೇ" ಎನ್ನುತ್ತಿದ್ದಳು.

ನಾನು ಅಲ್ಲಿಗೆ ಹೋಗಿದ್ದಾಗ, ಅಂಥದೇ ವಾರದ ಒಂದು ಬೆಳಿಗ್ಗೆ ಹುಡುಗಿ ಬುಟ್ಟಿ ಸೊಪ್ಪನ್ನೆಲ್ಲ ಹಸುವಿನ ಮುಂದೆ ಸುರಿದಳು. ಬೆನ್ನಿಗೊಂದು ಬಿತ್ತು. ಓಡಿದಳು. ಹಿಂದೆಯೇ ಹೋಗಿ ನೋಡಿದರೆ, ಕೃಷಿ ಹೊಂಡದ ಬೇಲಿ ನುಸುಳಿ ಅಂಚಿನ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ! ಒಳಗೆ ಎರಡಾಳು ನೀರು. ಆ ಹಾಳೆಯ ಮೇಲೆ ಜಾರಿದರೆ ದೊಡ್ಡವರೂ ಹತ್ತಿ ಬರಲಾರರು. ಅವಳ ಹಿಮ್ಮಡಿ ಗೇಣುದ್ದ ಜಾರಿತು, ನಿಂತಿತು. ಓದಿದ್ದೊಂದೂ ನನಗೆ ನೆನಪಾಗಲಿಲ್ಲ. ಇವತ್ತಿಗೂ ಎಲ್ಲಾದರೂ ಕಪ್ಪು ಹಾಳೆ ಕಂಡರೆ ಆ ಹಿಮ್ಮಡಿಯೇ ಕಣ್ಣಿಗೆ ಬರುತ್ತದೆ.

ಅಕ್ಕ ಬಂದಳು. ಕಿರುಚುತ್ತಾಳೆ, ಮಗು ಬೆಚ್ಚಿ ಜಾರುತ್ತದೆ ಅಂದುಕೊಂಡೆ. ಅವಳು ಬೇಲಿಯ ಈಚೆ ಮೆಲ್ಲಗೆ ಕುಕ್ಕರಿಸಿದಳು.

"ಯಾಕೆ ಕಂದ ಸೊಪ್ಪು ಚೆಲ್ಲಿದೆ?"

"ಹುಳಕ್ಕೇ ಎಷ್ಟು ಸಲ ಹಾಕ್ತೀಯ! ನಂಗೆ ಬೆಳಿಗ್ಗೆಯಿಂದ ಏನೂ ಕೊಟ್ಟಿಲ್ಲ."

"ನಿಜ ಕಣೇ. ಮರೆತೇಬಿಟ್ಟೆ. ಬಾ, ಮೊದ್ಲು ನಿಂಗೆ."

"ಹೊಡೆಯಲ್ಲ ಅಂತ ಆಣೆ ಇಡು."

"ನಿಮ್ಮಜ್ಜಿ ಆಣೆ."

ಏದುಸಿರು ಬಿಡುತ್ತ ಬಂದಿದ್ದ ಅತ್ತೆ, "ನನ್ನನ್ಯಾಕೆ ಸಾಯಿಸ್ತೀಯೇ? ನಿನ್ನಾಣೆ ಇಡು!" ಎಂದರು.

ಹುಡುಗಿ ಕಿಸಕ್ಕನೆ ನಕ್ಕು ಅವರ ಕಡೆ ತಿರುಗಿದಳು. ಅಷ್ಟರಲ್ಲಿ ನಾನು ಬೇಲಿ ನುಸುಳಿ ಅವಳ ಎರಡೂ ರಟ್ಟೆ ಹಿಡಿದು ಎಳೆದುಕೊಂಡೆ.

ಅಕ್ಕ ಅವಳನ್ನು ಅವುಚಿಕೊಂಡು ಅತ್ತಳು. ಅಳುತ್ತಲೇ ನಗು ಬಂತು, ನಮಗೂ ಬಂತು. ಹುಳುಮನೆಯ ಬಾಗಿಲಲ್ಲೇ ಕೂತು ಮಗಳಿಗೆ ಉಪ್ಪಿಟ್ಟು ತಿನ್ನಿಸಿದಳು. ಸೊಪ್ಪು ಹಾಕುವ ಕೆಲಸ ನನಗೆ ಬಂತು. ಮೂರನೇ ತುತ್ತಿಗೆ ಹುಡುಗಿ ಕೈ ತಡೆದು ಕೇಳಿದಳು:

"ನೀನು ತಿಂದ್ಯಾ?"

"ನಿನ್ನೆ ತಿಂದೆ."

"ಅಜ್ಜೀ! ಅಮ್ಮಂಗೂ ಒಂದು ತಟ್ಟೆ ತಾ!"

ಅತ್ತೆ ಅಡುಗೆಮನೆಗೆ ಓಡಿದರು.