ಏಳನೆಯ ವ್ಯಾಗನ್ನಿನ ನವಿಲು

ಆ ದಿನಗಳೇ ಚೆಂದ, ಅವು ಮತ್ತೆ ಬರುವುದಿಲ್ಲ ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಪಾಲಿನ ಆ ದಿನಗಳಲ್ಲಿ ಒಂದು ದಿನವೇನಾದರೂ ಮತ್ತೆ ಬಂದರೆ, ಮೊದಲು ಹೋಗಿ ಹಿತ್ತಲಿನ ನಲ್ಲಿಯನ್ನು ಕಿತ್ತು ಬಿಸಾಕುತ್ತೇನೆ. ಆದರೂ ದಸರಾ ಹತ್ತಿರ ಬಂದು, ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಬೂದುಗುಂಬಳದ ರಾಶಿ ಬಿದ್ದರೆ ಸಾಕು, ನನಗೆ ಹನ್ನೊಂದು ವರ್ಷವಾಗಿಬಿಡುತ್ತದೆ. ಹುಣಸೆ ನೀರು, ತುಕ್ಕು, ಟರ್ಪೆಂಟೈನ್ ಮೂರೂ ಬೆರೆತ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಬಡಿಯುತ್ತದೆ.

ಆಗ ನಮ್ಮ ಮನೆ ತಿಲಕ್ ನಗರದಲ್ಲಿತ್ತು. ಮುಂದೆ ಎರಡು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಒಗೆಯುವ ಕಲ್ಲು ಹಾಕಿದ್ದ ಪುಟ್ಟ ಹಿತ್ತಲು. ಇದ್ದವರು ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ಅಪ್ಪ, ನನ್ನ ತಾತ. ತಾತ ರೈಲ್ವೆಯಲ್ಲಿ ಪೇಂಟರ್ ಆಗಿದ್ದವರು. ರಿಪೇರಿಗೆ ಬಂದ ಗೂಡ್ಸ್ ಗಾಡಿಗಳಿಗೆ ಬಣ್ಣ ಹೊಡೆದು, ಅವುಗಳ ಮೈಮೇಲೆ ನಂಬರು, ತೂಕ, ಮತ್ತೆ ರಿಪೇರಿಗೆ ಬರಬೇಕಾದ ತಾರೀಖು ಬರೆಯುವುದು ಅವರ ಕೆಲಸ. ನಾನು ಬಾಯ್ತಪ್ಪಿ ಬೋಗಿ ಅಂದರೆ ಅವರಿಗೆ ಆಗುತ್ತಲೇ ಇರಲಿಲ್ಲ.

"ಬೋಗಿ ಅಂದ್ರೆ ಜನ ಕೂರೋದು. ಸಾಮಾನು ಹೊರೋದು ವ್ಯಾಗನ್ನು. ಕತ್ತೇನ ಕುದುರೆ ಅಂತೀಯೇನೇ?"

ರಿಟೈರಾದ ಮೇಲೆ ತಾತ ಮನೆಯಲ್ಲಿ ಕೂತು ವ್ಯಾಗನ್ ಮಾಡಿದರು. ಎಣ್ಣೆ ಡಬ್ಬದ ತಗಡು ಕತ್ತರಿಸಿ, ಮಡಿಚಿ, ಬೆಸುಗೆ ಹಾಕಿ ಮಾಡಿದ್ದು. ಒಂದೊಂದೂ ನನ್ನ ಜಾಮಿಟ್ರಿ ಬಾಕ್ಸಿನಷ್ಟು ಉದ್ದ. ಒಟ್ಟು ಏಳು. ಇಂಜಿನ್ ಮಾತ್ರ ಇರಲಿಲ್ಲ. ಯಾಕೆ ಅಂದರೆ, "ಇಂಜಿನ್‌ಗೆ ಬಣ್ಣ ಹೊಡೀತಿದ್ದೋರು ಬೇರೆ. ನಾನು ಹೊಡೀದೇ ಇರೋದನ್ನ ನಾನ್ಯಾಕೆ ಮಾಡ್ಲಿ?" ಅನ್ನುತ್ತಿದ್ದರು. ಆ ಏಳೂ ಅವರು ತಮ್ಮ ಕೈಯಾರೆ ಬಣ್ಣ ಹೊಡೆದ ವ್ಯಾಗನ್ನುಗಳೇ. ನಂಬರುಗಳು ಬಾಯಲ್ಲೇ ಇದ್ದವು.

ತಗಡು ಬೆಸೆಯುವುದು ಬೇಗ ಮುಗಿಯಿತು. ಬಣ್ಣಕ್ಕೆ ಎರಡು ವರ್ಷ ಹಿಡಿಯಿತು. ಅಂಗಡಿಯ ಕೆಮ್ಮಣ್ಣು ಬಣ್ಣ ಹಾಗೇ ಬಳಿದರೆ ಅದು ಕುಂಡದ ಬಣ್ಣವಾಗುತ್ತದೆ ಎಂದು ಅದಕ್ಕೆ ಕರಿ ಬೆರೆಸಿ, ಒಂದು ಹನಿ ಹಳದಿ ಬಿಟ್ಟು, ಬಿಸಿಲಿಗೆ ಹಿಡಿದು ನೋಡಿ, ಬೈದು, ಮತ್ತೆ ಬೆರೆಸುತ್ತಿದ್ದರು. ಬಣ್ಣ ಒಣಗಿದ ಮೇಲೆ ಅಸಲಿ ಕೆಲಸ, ಕೊಳೆ ಹಚ್ಚುವುದು. ಹಳೇ ಮೊಳೆಗಳನ್ನು ಹುಣಸೆ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ ತುಕ್ಕು ಇಳಿಸುತ್ತಿದ್ದೆವು. ಇಸ್ತ್ರಿ ಅಂಗಡಿಯಿಂದ ತಂದ ಇದ್ದಿಲನ್ನು ಪುಡಿಮಾಡಿ, ಅಮ್ಮನ ಹಳೇ ವಾಯಿಲ್ ಸೀರೆಯ ಚೂರಿನಲ್ಲಿ ಜರಡಿ ಹಿಡಿಯುತ್ತಿದ್ದೆ. ಎಲ್ಲವನ್ನೂ ಗೋಂದಿನ ನೀರಿನಲ್ಲಿ ಕಲಸಿ ಬೆರಳ ತುದಿಯಿಂದ ಒತ್ತಬೇಕು. ಎಲ್ಲೆಂದರಲ್ಲಿ ಒತ್ತಿದರೆ ತಲೆಗೊಂದು ಮೊಟಕುತ್ತಿದ್ದರು.

"ಸಿಮೆಂಟ್ ವ್ಯಾಗನ್‌ಗೆ ಬಾಗಿಲ ಕೆಳಗೆ ಬೂದಿ ಇಳಿದಿರತ್ತೆ. ಉಪ್ಪಿನ ವ್ಯಾಗನ್‌ಗೆ ತಳದಿಂದ ತುಕ್ಕು ಹತ್ತತ್ತೆ. ಚಿಲಕ ಎಳೆದೂ ಎಳೆದೂ ಆ ಜಾಗ ಮಾತ್ರ ಬೆಳ್ಳಗಿರತ್ತೆ. ಎಲ್ಲಿ ಯಾಕೆ ಕೊಳೆ ಆಗತ್ತೆ ಅಂತ ಗೊತ್ತಿಲ್ದೆ ಕೊಳೆ ಹಚ್ಚಬಾರ್ದು. ಅದು ಸುಳ್ಳು ಹೇಳಿದ ಹಾಗೆ."

ಅಕ್ಷರ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ತಾತನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಇನ್ನೊಂದು ವರ್ಷ ನೋಡಬಹುದು, ಆಮೇಲೆ ಹೇಳಕ್ಕಾಗಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದನ್ನು ತಾತ ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದರು. ಅಂದಿನಿಂದ ಅವರಿಗೆ ಒಂದೇ ಹಟ: ಕಣ್ಣು ಹೋಗುವುದರೊಳಗೆ ಏಳೂ ಮುಗಿಯಬೇಕು, ತಾವು ಕಂಡ ಹಾಗೇ ಇರಬೇಕು. ನಾನು ನಾಲ್ಕು ಕೂದಲಿನ ಬ್ರಷ್ ಹಿಡಿದು ಉಸಿರು ಬಿಗಿಹಿಡಿದು ಬಿಳಿ ಅಂಕಿ ಬರೆಯುತ್ತಿದ್ದೆ. "ಪರ್ವಾಗಿಲ್ಲ, ನೌಕರಿ ಕೊಡ್ಬಹುದು ನಿನಗೆ" ಅನ್ನುತ್ತಿದ್ದರು. ಆ ಮಾತಿಗೆ ನಾನು ಮೂರು ದಿನ ಉಬ್ಬಿಕೊಂಡು ಓಡಾಡುತ್ತಿದ್ದೆ.

ಏಳನೆಯ ವ್ಯಾಗನ್ನಿನ ಬಾಗಿಲ ಪಕ್ಕದಲ್ಲಿ ಒಂದು ಜಾಗವನ್ನು ಮಾತ್ರ ನನಗೆ ಬಿಡಲಿಲ್ಲ. ಅಲ್ಲಿ ಅವರೇ ಸೀಮೆಸುಣ್ಣ ಮೊನೆ ಮಾಡಿಕೊಂಡು, ಮೂಗು ತಗಡಿಗೆ ತಾಗುವಷ್ಟು ಬಗ್ಗಿ, ಒಂದು ನವಿಲು ಬರೆದರು. ಕೈ ಎತ್ತದೆ ಒಂದೇ ಗೆರೆಯಲ್ಲಿ, ರಂಗೋಲಿ ಎಳೆದ ಹಾಗೆ. ಹೆಬ್ಬೆರಳ ಉಗುರಿನಷ್ಟು ದೊಡ್ಡದು. ಅದು ಮುನಿರತ್ನಂ ಎಂಬವರ ಗುರುತು. ತಾತನ ಜೊತೆ ಕೆಲಸ ಮಾಡುತ್ತಿದ್ದ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ತಾವು ನೋಡಿ ಸರಿಯಿದೆ ಎಂದ ವ್ಯಾಗನ್ನಿಗೆಲ್ಲ ಸಹಿಯ ಬದಲು ಸೀಮೆಸುಣ್ಣದಲ್ಲಿ ನವಿಲು ಎಳೆಯುತ್ತಿದ್ದರಂತೆ. ಒಂದು ಮಳೆಗಾಲದ ಬೆಳಿಗ್ಗೆ ಕಾಲು ಜಾರಿ ಎರಡು ವ್ಯಾಗನ್ನುಗಳ ನಡುವೆ ಸಿಕ್ಕಿಬಿಟ್ಟರು. ಹೆಂಡತಿ ಮಕ್ಕಳಿರಲಿಲ್ಲ.

"ಅವನದ್ದು ಒಂದು ಫೋಟೋನೂ ಇಲ್ಲ ಕಣೇ. ಸತ್ತ ದಿನ ಬೆಳಿಗ್ಗೆ ಬರೆದಿದ್ದ ನವಿಲು ಆ ವ್ಯಾಗನ್ ಮೇಲೆ ಹಾಗೇ ಹೋಯ್ತು, ಎಲ್ಲಿ ಮಳೇಲಿ ತೊಳೆದು ಹೋಯ್ತೋ. ಅವನು ಇದ್ದ ಅನ್ನೋದಕ್ಕೆ ಇನ್ನು ಇದೊಂದೇ" ಅಂದರು ತಾತ. ಆಮೇಲೆ, "ನೀರು ಮಾತ್ರ ತಾಗಿಸ್ಬೇಡ. ಹಬ್ಬ ಮುಗೀಲಿ, ಮೇಲೆ ವಾರ್ನಿಷ್ ಹೊಡೆಯೋಣ" ಎಂದರು.

ಕೇಳಿಸಿಕೊಂಡವಳು ನಾನು. ಕಿವುಡಿಯಲ್ಲ.

ಆ ವರ್ಷ ದಸರಾ ಗೊಂಬೆ ಕೂರಿಸುವಾಗ ವ್ಯಾಗನ್ನುಗಳನ್ನು ಕೆಳಗಿನ ಮೆಟ್ಟಿಲ ಮುಂದೆ ಇಡೋಣ ಎಂದು ಹಟ ಮಾಡಿದವಳೂ ನಾನೇ. ತಾತನಿಗೆ ಇಷ್ಟವಿರಲಿಲ್ಲ. ಕಾಡಿ ಬೇಡಿ ಒಪ್ಪಿಸಿದೆ. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ "ಗೊಂಬೆ ಕೂರ್ಸಿದ್ದೀರಾ?" ಎಂದು ಮನೆ ಮನೆ ತಿರುಗುತ್ತಿದ್ದ ಕಾಲ. ಕಾಗದದ ಪೊಟ್ಟಣದಲ್ಲಿ ಕಡಲೆಕಾಳಿನ ಉಸಲಿ ಹಿಡಿದು, ಕಾಯಿತುರಿ ಬೆರಳಿಗೆ ಅಂಟಿಸಿಕೊಂಡು, ಅವರೆಲ್ಲ ನನ್ನ ರೈಲಿನ ಮುಂದೆಯೇ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ನನ್ನ ರೈಲು! ನೋಡಿ, ಆಗಲೇ ಅದು ನನ್ನದಾಗಿತ್ತು.

ಎಂಟನೆಯ ದಿನ ಶ್ವೇತಾ ಬಂದಳು, ಅವಳಮ್ಮನ ಜೊತೆ. ಶ್ವೇತಾ ನನ್ನ ಕ್ಲಾಸು, ಮನೆ ನಾಲ್ಕನೇ ಟಿ ಬ್ಲಾಕ್. ಅವರ ಮನೆಯ ಗೊಂಬೆಗೆ ಒಂಬತ್ತು ಮೆಟ್ಟಿಲು, ಮಿನುಗುವ ಸೀರಿಯಲ್ ಸೆಟ್ಟು, ಕಾರಂಜಿ. ಆಂಟಿ ಅರಿಶಿನ ಕುಂಕುಮ ತೆಗೆದುಕೊಂಡು, ಬಗ್ಗಿ ನೋಡಿ, ನಗುತ್ತಲೇ ಅಂದರು, "ಅಯ್ಯೋ, ಪಾಪ, ಇದನ್ನ ಅಟ್ಟದಿಂದ ಇಳಿಸಿ ಒರೆಸೋದೇ ಮರೆತಿದ್ದೀರಾ? ದೇವ್ರ ಮುಂದೆ ಇಷ್ಟು ಗಲೀಜಾ?" ಶ್ವೇತಾ ಕಿಸಕ್ಕನೆ ನಕ್ಕಳು. ತಾತ ಒಳಗೆ ಮಲಗಿದ್ದರು. ಅದು ಗಲೀಜಲ್ಲ, ಎರಡು ವರ್ಷದ ಕೆಲಸ ಎಂದು ನಾನು ಹೇಳಬೇಕಿತ್ತು. ನಾನು ಶ್ವೇತಾಳ ಕೈಗೆ ಉಸಲಿಯ ಪೊಟ್ಟಣ ಕೊಟ್ಟೆ.

ಮರುದಿನ ಆಯುಧಪೂಜೆ. ಅಪ್ಪ ತಾತನನ್ನು ಕೈ ಹಿಡಿದು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು, ಬೂದುಗುಂಬಳ, ಬಾಳೆಕಂದು, ಸೇವಂತಿಗೆ ತರಲು. ಅಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತ ಕೂಗಿ ಹೇಳಿದಳು, "ಹೊಲಿಗೆ ಮಿಷನ್ನು, ಸೈಕಲ್ಲು, ಈಳಿಗೆ ಮಣೆ, ಎಲ್ಲ ತೊಳೆದು ಒರೆಸಿ ಇಡೇ. ಪೂಜೆಗೆ ಇಡೋದು ಫಳಫಳ ಅನ್ಬೇಕು."

ಸೈಕಲ್ ತೊಳೆದೆ. ಈಳಿಗೆ ಮಣೆ ತೊಳೆದೆ. ಆಮೇಲೆ ಒಳಗೆ ಹೋಗಿ ಏಳೂ ವ್ಯಾಗನ್ನುಗಳನ್ನು ಒಂದೊಂದಾಗಿ ಹಿತ್ತಲಿಗೆ ತಂದು ನಲ್ಲಿಯ ಕೆಳಗೆ ಹಿಡಿದೆ. ತೆಂಗಿನ ನಾರು, ಸೋಪಿನ ಪುಡಿ. ಬೂದಿ, ತುಕ್ಕು, ಇದ್ದಿಲು ಎಲ್ಲ ಕಂದು ನೀರಾಗಿ ಕಲ್ಲಿನ ಮೇಲೆ ಹರಿದು ಮೋರಿಗೆ ಹೋಯಿತು. ಹಬ್ಬವಾದ ಮೇಲೆ ಮತ್ತೆ ಕೊಳೆ ಹಚ್ಚಿದರಾಯಿತು, ನನಗೇ ಬರುತ್ತದಲ್ಲ ಅಂದುಕೊಂಡೆ. ಏಳನೆಯದು ಕೈಗೆ ಬಂದಾಗ ಒಂದು ಗಳಿಗೆ ತಡೆದೆ. ನವಿಲು ಒಂದು ನಿಮಿಷದ ಕೆಲಸ, ದಿನಾ ರಂಗೋಲಿ ಹಾಕುವವಳು ನಾನು, ಎಂದು ಅದನ್ನೂ ಉಜ್ಜಿದೆ. ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಸಾಲಾಗಿ ಇಟ್ಟೆ. ಎಂಥಾ ಹೊಳಪು ಅಂತೀರಿ! ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ತಾತ ಬಂದರು. ಕಂಕುಳಲ್ಲಿ ಕುಂಬಳಕಾಯಿ. ಅವರಿಗೆ ಮೊದಲು ಗೊತ್ತಾಗಿದ್ದು ಕಣ್ಣಿಗಲ್ಲ, ಕೈಗೆ. ಮೊದಲನೆಯದನ್ನು ಮುಟ್ಟಿದ ಬೆರಳು ಜಾರಿತು. ಎರಡನೆಯದನ್ನು ಮುಟ್ಟಿದರು. ಆಮೇಲೆ ನಡುವಿನದೆಲ್ಲ ಬಿಟ್ಟು ನೇರ ಏಳನೆಯದಕ್ಕೆ ಹೋಗಿ, ಎತ್ತಿ, ಮೂಗಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಯಾರು ತೊಳೆದಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟನ್ನೂ ಮಾಡಲಿಲ್ಲ. ಅವರು ಕೇಳಿ ಮುಗಿಸುವುದರೊಳಗೆ ಹೇಳಿಬಿಟ್ಟೆ, "ಅಮ್ಮ."

ಅಮ್ಮ ಬಾಗಿಲಲ್ಲೇ ಇದ್ದಳು, ಕೈತುಂಬ ರಂಗೋಲಿ ಪುಡಿ. ನನ್ನ ಮುಖ ನೋಡಿದಳು. ಲಂಗದ ಅಂಚು ಒದ್ದೆಯಾಗಿತ್ತು, ಕೈಯಲ್ಲಿ ಇನ್ನೂ ಎಣ್ಣೆ ಇತ್ತು. ಅವಳಿಗೆ ಎಲ್ಲ ಗೊತ್ತಾಯಿತು.

"ಹೌದು ಮಾವ, ನಾನೇ. ಪೂಜೆಗೆ ಅಂತ ತೊಳೆದೆ. ತಿಳೀಲಿಲ್ಲ, ತಪ್ಪಾಯ್ತು" ಅಂದಳು.

ತಾತ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಈ ಮನೇಲಿ ನಂದು ಅಂತ ಇದ್ದಿದ್ದು ಈ ಏಳು ಡಬ್ಬ ಕಣಮ್ಮ. ಅದನ್ನೂ ಸಹಿಸಕ್ಕಾಗ್ಲಿಲ್ವಾ ನಿಂಗೆ?" ಅಂದರು. ಅಷ್ಟೇ. ಅಪ್ಪ ಬಾಳೆಕಂದು ಎತ್ತಿಕೊಂಡು ಬಾಗಿಲಿಗೆ ಕಟ್ಟಲು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿಸಿದ ಎತ್ತು ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಆ ದಿನ ವ್ಯಾಗನ್ನುಗಳಿಗೆ ಅರಿಶಿನ ಕುಂಕುಮ ಇಟ್ಟು ಪೂಜೆಯೂ ಆಯಿತು. ನಾನು ಹೋಳಿಗೆಯನ್ನೂ ತಿಂದೆ. ಎರಡು ತಿಂದೆ.

ಹಬ್ಬ ಕಳೆದು ವಾರವಾದ ಮೇಲೆ ಒಂದು ಮಧ್ಯಾಹ್ನ ಹಿತ್ತಲಿಗೆ ಹೋದರೆ, ತಾತ ಒಗೆಯುವ ಕಲ್ಲಿನ ಮುಂದೆ ಕೂತಿದ್ದರು. ಕಲ್ಲಿನ ತುಂಬ ಸೀಮೆಸುಣ್ಣದ ಗೆರೆ, ಒಂದರ ಮೇಲೊಂದು. ಕತ್ತು ಬಂದರೆ ಗರಿ ಬರುತ್ತಿರಲಿಲ್ಲ. ಅಂಗೈಯಲ್ಲಿ ಒರೆಸಿ ಮತ್ತೆ ಎಳೆಯುತ್ತಿದ್ದರು. ನಾನು ಬಂದದ್ದು ಗೊತ್ತಾಗಿ, "ಹೋಗ್ಲಿ ಬಿಡು, ಕೈಗೂ ಮರೆತು ಹೋಯ್ತು" ಅಂದರು. ಆಗಲಾದರೂ ಹೇಳಬಹುದಿತ್ತು. ತಾತ, ತೊಳೆದಿದ್ದು ನಾನು, ಅಮ್ಮ ಅಲ್ಲ. ನಾಲ್ಕು ಮಾತು. ಹೇಳಿದರೆ ನನ್ನ ನೌಕರಿ ಹೋಗುತ್ತದೆ ಎಂದು ಹೆದರಿದೆ. ಆ ನೌಕರಿ ಹೇಗೂ ಹೋಗಿತ್ತು. ಅವರು ಮತ್ತೆ ಬ್ರಷ್ ಮುಟ್ಟಲಿಲ್ಲ.

ಆಮೇಲೆ ಮೂರು ವರ್ಷ ಬದುಕಿದ್ದರು. ಕೊನೆಯ ಎರಡು ವರ್ಷ ಕಣ್ಣು ಪೂರ್ತಿ ಹೋಗಿತ್ತು. ಊಟ, ಸ್ನಾನ, ಮಾತ್ರೆ ಎಲ್ಲ ಅಮ್ಮನ ಕೈಯಿಂದಲೇ. ಆದರೂ ಅವರು ಅಮ್ಮನ ಹತ್ತಿರ ನೇರವಾಗಿ ಮಾತಾಡಲಿಲ್ಲ. "ನಿಮ್ಮಮ್ಮಂಗೆ ಹೇಳು, ನೀರು ಬೇಕಂತೆ ಅಂತ" ಎಂದು ನನಗೆ ಹೇಳುತ್ತಿದ್ದರು. ಅಮ್ಮ ಎರಡಡಿ ದೂರದಲ್ಲಿ ಲೋಟ ಹಿಡಿದು ನಿಂತಿರುತ್ತಿದ್ದಳು. ನಾನು ಹೇಳುತ್ತಿದ್ದೆ, "ಅಮ್ಮ, ನೀರಂತೆ." ಮೂರು ವರ್ಷ ಆ ಕೆಲಸ ಮಾಡಿದೆ.

ತಿಲಕ್ ನಗರದ ಆ ಮನೆಯನ್ನು ಒಡೆದು ಮೂರು ಅಂತಸ್ತು ಎಬ್ಬಿಸಿದ್ದಾರೆ. ಈಗ ಗೊಂಬೆ ಕೂರಿಸಿದ್ದೀರಾ ಎಂದು ಯಾವ ಮಗುವೂ ಬಾಗಿಲು ತಟ್ಟುವುದಿಲ್ಲ, ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬರುವ ಮುಂಚೆ ಗ್ರೂಪಿನಲ್ಲಿ ಮೆಸೇಜು ಹಾಕುತ್ತಾರೆ. ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಹೋದ ವರ್ಷ ಟ್ರಂಕಿನಿಂದ ಆ ವ್ಯಾಗನ್ನುಗಳನ್ನು ತೆಗೆದೆ. ತುಕ್ಕಿನ ಪುಡಿ, ಮಸಿಯ ಪುಡಿ ಎಲ್ಲ ಈಗ ಪುಟ್ಟ ಸೀಸೆಗಳಲ್ಲಿ ಮನೆ ಬಾಗಿಲಿಗೇ ಬರುತ್ತವೆ. ತರಿಸಲಿಲ್ಲ. ಮೊಳೆಗಳನ್ನು ಹುಣಸೆ ನೀರಿನಲ್ಲೇ ನೆನೆಹಾಕಿದೆ. ಆರು ತಿಂಗಳು ಕೂತೆ. ಸಿಮೆಂಟಿನ ಬೂದಿ, ಉಪ್ಪಿನ ತುಕ್ಕು, ಚಿಲಕದ ಸವೆತ, ಎಲ್ಲ ಎಲ್ಲೆಲ್ಲಿ ಬೇಕೋ ಅಲ್ಲಲ್ಲೇ ಬಂತು. ಆರು ವ್ಯಾಗನ್ ಮುಗಿದವು.

ಏಳನೆಯದು ಮುಗಿಯಲಿಲ್ಲ. ನವಿಲು ಬರುವವರೆಗೆ ಅದಕ್ಕೆ ಕೊಳೆ ಹಚ್ಚುವುದು ಬೇಡ ಎಂದು ಹಾಗೇ ಇಟ್ಟೆ. ನವಿಲಿನ ಕೊಕ್ಕು ಎಡಕ್ಕಿತ್ತೋ ಬಲಕ್ಕೋ? ಗೆರೆ ಕಾಲಿನಿಂದ ಶುರುವಾಗಿ ಗರಿಗೆ ಹೋಗುತ್ತಿತ್ತೋ, ಗರಿಯಿಂದ ಬಂದು ಕತ್ತಿನಲ್ಲಿ ನಿಲ್ಲುತ್ತಿತ್ತೋ? ನೋಟ್‌ಬುಕ್ಕಿನ ತುಂಬ ಬರೆದೆ. ನೂರು ನವಿಲು ಬಂದವು, ಎಲ್ಲ ನನ್ನವೇ. ಕೊನೆಗೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮನನ್ನೇ ಕೇಳಿದೆ.

"ಅಮ್ಮ, ಆ ನವಿಲು ಹೇಗಿತ್ತು, ನಿನಗೇನಾದ್ರೂ ನೆನಪಿದೆಯಾ?"

ಅಮ್ಮ ತಲೆ ಎತ್ತಲಿಲ್ಲ. "ನಾನೆಲ್ಲಿ ನೋಡಿದ್ದೆ? ನಾನು ಅದನ್ನ ಒಂದು ದಿನಾನೂ ಮುಟ್ಟಿದವಳೇ ಅಲ್ವಲ್ಲ" ಅಂದಳು.

ಇಷ್ಟು ವರ್ಷದಲ್ಲಿ ಅವಳು ಆ ವಿಷಯ ಆಡಿದ್ದು ಅಷ್ಟೇ. ಅವಳು ಸಿಪ್ಪೆ ತುಂಬಿದ ಮೊರ ಎತ್ತಿಕೊಂಡು ಒಳಗೆ ಹೋದಳು.

ಈ ದಸರಾದಲ್ಲಿ ಏಳನ್ನೂ ಗೊಂಬೆಯ ಮುಂದೆ ಇಟ್ಟಿದ್ದೆ. ಆರು ಕೊಳಕು, ಒಂದು ಫಳಫಳ. ಬಂದವರೆಲ್ಲ ಬಗ್ಗಿ ನೋಡಿ, ಆ ಕೊನೆಯದಕ್ಕೇ ಬೆರಳು ತೋರಿಸಿ, ಅದೊಂದೇ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ ಅಂದರು.