ಮೇಸ್ತ್ರಿಯ ಹೆಜ್ಜೆ

ರೇಡಿಯೋ ನಾಟಕ ಮುಗಿದ ಮೇಲೆ ಮಾತಾಡಿದವರ ಹೆಸರು ಓದುತ್ತಾರೆ, ನಡೆದವರ ಹೆಸರು ಓದುವುದಿಲ್ಲ. ನಡೆಯುವುದಕ್ಕೂ ಒಬ್ಬ ಬೇಕೇ ಎಂದು ಕೇಳಬೇಡಿ, ಬೇಕು. ಪಾತ್ರಧಾರಿಗಳೆಲ್ಲ ಕಾಗದ ಹಿಡಿದುಕೊಂಡು ಮೈಕಿನ ಮುಂದೆ ಗೂಟ ಹೊಡೆದಂತೆ ನಿಂತಿರುತ್ತಾರೆ. ಅವರ ಪರವಾಗಿ ಮೆಟ್ಟಿಲು ಹತ್ತುವುದು, ಕೆಸರಲ್ಲಿ ಕಾಲೆಳೆಯುವುದು, ಸಿಟ್ಟಿನಿಂದ ಎದ್ದು ಹೋಗುವುದು ಎಲ್ಲ ಮೂಲೆಯಲ್ಲಿ ನಿಂತ ಇನ್ನೊಬ್ಬನ ಪಾಲಿನ ಕೆಲಸ. ನಮ್ಮ ಈ ಮನುಷ್ಯ ಹರೆಯದಿಂದಲೂ ಅದೊಂದನ್ನೇ ಮಾಡಿಕೊಂಡು ಬಂದವನು. ಸ್ಟುಡಿಯೋದ ಮೂಲೆಯಲ್ಲಿ ಅವನದೊಂದು ಮರಳಿನ ಪೆಟ್ಟಿಗೆ, ಒಂದು ಜಲ್ಲಿಯ ಪೆಟ್ಟಿಗೆ, ಒಂದು ಹಲಗೆ, ಗೋಡೆಗುಂಟ ಹಳೇ ಚಪ್ಪಲಿ ಬೂಟುಗಳ ಸಾಲು. ಎಲ್ಲರೂ ಸದ್ದಿನಯ್ಯ ಎನ್ನುತ್ತಿದ್ದರು. ಅದರಲ್ಲಿ ಅಷ್ಟಿಷ್ಟು ಗೇಲಿಯೂ ಇತ್ತೆನ್ನಿ. ಇಡೀ ಕಟ್ಟಡದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಓಡಾಡುವವನೆಂದರೆ ಅವನೊಬ್ಬನೇ. ನಡಿಗೆಯೂ ಬೆಕ್ಕಿನದು. ಬೆನ್ನ ಹಿಂದೆ ಬಂದು ನಿಂತರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸದ್ದಿನಯ್ಯನ ಊರಿನವರಿಗೆಲ್ಲ ಗೊತ್ತಿದ್ದ ಒಂದು ದಪ್ಪ ಕಾದಂಬರಿಯಿತ್ತು. ಹಡಗಿನಲ್ಲಿ ಬಂದ ಜನ ನದೀ ದಡದ ಕಾಡು ಕಡಿದು ಊರು ಕಟ್ಟಿದ್ದು, ಮೊದಲೇ ಅಲ್ಲಿದ್ದವರನ್ನು ಓಡಿಸಿದ್ದು, ಆಮೇಲೆ ನೆಲ ನಮ್ಮದೇ ಎಂದು ಎದೆಯುಬ್ಬಿಸಿದ್ದು ಅದರ ಕಥೆ. ಅದನ್ನು ಓದಿದವರಿಗಿಂತ ರೇಡಿಯೋದಲ್ಲಿ ಕೇಳಿದವರೇ ಹೆಚ್ಚು. ಮೊದಲ ಸಲ ಅದು ನಾಟಕವಾದಾಗ ಸದ್ದಿನಯ್ಯ ಇನ್ನೂ ಹೊಸಬ. ಓಡಿಸಿಕೊಂಡ ಜನಕ್ಕೆ ಆ ನಾಟಕದಲ್ಲಿ ಒಂದು ಮಾತೂ ಇರಲಿಲ್ಲ, ಅವರು ಹೊರಟದ್ದು ಕೇಳಿಸಿದರೆ ಸಾಕಿತ್ತು. ಸದ್ದಿನಯ್ಯ ಬರಿಗಾಲಲ್ಲಿ ಮರಳಿನ ಮೇಲೆ ಒಬ್ಬನೇ ನಡೆನಡೆದು ಒಂದಿಡೀ ಕುಲವನ್ನು ಹೊರಡಿಸಿದ. ಮನೆಗೆ ಬಂದು ಊಟಕ್ಕೆ ಕೂತವನು, ಹೆಂಡತಿ ಬಡಿಸಿದ್ದನ್ನು ಹಾಗೇ ಬಿಟ್ಟು ಎದ್ದುಹೋದನಂತೆ.

ಎರಡನೇ ಸಲ ಅದೇ ಕಾದಂಬರಿ ಧಾರಾವಾಹಿಯಾಯಿತು. ಅಷ್ಟರಲ್ಲಿ ಸದ್ದಿನಯ್ಯನಿಗೊಬ್ಬ ಮಗಳು, ಶಾಲೆಗೆ ಹೋಗುವ ವಯಸ್ಸು. ಕೂಸಿದ್ದಾಗ ಬಂದ ಜ್ವರದಲ್ಲಿ ಅವಳ ಒಂದು ಕಾಲು ಸೊರಗಿ ಗಿಡ್ಡವಾಗಿತ್ತು. ಮಹಡಿ ಮನೆಯ ಮರದ ಮೆಟ್ಟಿಲ ಮೇಲೆ ಅವಳು ಬರುವುದು ಒಂದು ಗಟ್ಟಿ, ಒಂದು ಮೆಲು, ಒಂದು ಗಟ್ಟಿ, ಒಂದು ಮೆಲು. ತಾಯಿ ಒಳಗಿಂದಲೇ ಅದನ್ನು ಕೇಳಿ, ಹುಡುಗಿ ತಟ್ಟುವ ಮೊದಲೇ ಬಾಗಿಲು ತೆಗೆದು ನಿಂತಿರುತ್ತಿದ್ದಳು. ಎದುರು ಮನೆಯ ಅಕ್ಕನೂ ಅಷ್ಟೇ, ಆ ಸದ್ದಿಗೆ ತಲೆ ಹೊರಗೆ ಹಾಕಿ, ಬಂದ್ಯಾ ಪುಟ್ಟೀ ಎನ್ನದೆ ಬಿಡುತ್ತಿರಲಿಲ್ಲ.

ಕಾದಂಬರಿಯಲ್ಲಿ ಒಬ್ಬ ಮೇಸ್ತ್ರಿಯಿದ್ದಾನೆ. ಕಾಡಿನವರನ್ನು ಚಾಟಿಯಲ್ಲಿ ಹೊಡೆದೋಡಿಸುವ ಕುಂಟ, ಕೇಳುವವರೆಲ್ಲ ಹಲ್ಲು ಕಡಿಯುವಂಥ ಪಾಪಿ. ಅವನು ಬರುವುದು ಕೇಳಿದರೆ ಮೈ ಜುಮ್ಮೆನ್ನಬೇಕು ಎಂದ ಆಗಿನ ನಿರ್ದೇಶಕ. ಸದ್ದಿನಯ್ಯ ಕೋಲು ಕುಟ್ಟಿದ, ಬೂಟು ಎಳೆದ, ಯಾವುದೂ ಹಿಡಿಸಲಿಲ್ಲ. ಬೆಳಗಿನಿಂದ ನಡೆದು ಕಾಲು ಸೋತ ಹೊತ್ತಿನಲ್ಲಿ ಹಲಗೆಯ ಮೇಲೆ ಒಂದು ಗಟ್ಟಿ, ಒಂದು ಮೆಲು ಇಟ್ಟ. ನಿರ್ದೇಶಕ ಗಾಜಿನಾಚೆಯಿಂದ ಚಪ್ಪಾಳೆ ತಟ್ಟಿದ. ಅದು ಯಾರ ಹೆಜ್ಜೆಯೆಂದು ಸದ್ದಿನಯ್ಯನಿಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿತ್ತು. ಯಾರು ಅಷ್ಟು ಕಿವಿಗೊಡುತ್ತಾರೆ ಎಂದುಕೊಂಡ, ಅಷ್ಟೇ. ಹೆತ್ತ ಅಪ್ಪನೆಂಬವನು ಹೀಗೂ ಅಂದುಕೊಳ್ಳುತ್ತಾನೆಯೇ ಎಂದರೆ, ಕೆಲಸದ ಮುಂದೆ ಕಣ್ಣು ಕಾಣದವರು ಅಂದುಕೊಳ್ಳುತ್ತಾರೆ.

ಮೊದಲ ಕಂತು ಮೂವರೂ ಕೂತು ಕೇಳಿದರು. ಮೇಸ್ತ್ರಿ ಬಂದ. ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

“ಅಪ್ಪಾ, ಅದು ನಂದು,” ಎಂದಳು ಹುಡುಗಿ.

ಅವತ್ತು ಅವಳು ಜಾಗ ಬಿಟ್ಟು ಏಳಲೇ ಇಲ್ಲ, ಮಲಗಲಿಕ್ಕೂ ತಾಯಿಯೇ ಎತ್ತಿಕೊಂಡು ಹೋಗಬೇಕಾಯಿತು. ವಾರ ಕಳೆಯುವುದರೊಳಗೆ ಬೀದಿಯ ಮಕ್ಕಳು ಅವಳ ಹಿಂದೆ ಸಾಲಾಗಿ ಕುಂಟುತ್ತ, ಮೇಸ್ತ್ರಿ ಬಂದ, ಓಡ್ರೋ ಎಂದು ಕೂಗತೊಡಗಿದರು. ಆಗಲಾದರೂ ಆ ಹೆಜ್ಜೆ ಬದಲಿಸಬಹುದಿತ್ತು. ನಿರ್ದೇಶಕನಿಗೆ ಅದು ಇಷ್ಟವಾಗಿದೆ ಎಂಬ ಒಂದು ನೆಪಕ್ಕೆ, ಧಾರಾವಾಹಿ ಮುಗಿಯುವವರೆಗೂ ಮಗಳ ಕಾಲನ್ನೇ ಆ ಪಾಪಿಗೆ ಕೊಟ್ಟ. ಈ ಮಾತು ಬರೆಯುವಾಗ ನನಗೇ ಸಿಟ್ಟು ನೆತ್ತಿಗೇರುತ್ತದೆ.

ಮಗಳು ಬೆಳೆದಳು, ಹೊಲಿಗೆ ಕಲಿತಳು, ಮದುವೆಯಾಗಿ ಬೇರೆ ಊರು ಸೇರಿದಳು. ತಾಯಿ ಇರುವತನಕ ಬಂದು ಹೋಗುತ್ತಿದ್ದಳು, ತಾಯಿ ತೀರಿಕೊಂಡ ಮೇಲೆ ಅದೂ ನಿಂತಿತು. ಸದ್ದಿನಯ್ಯ ಸಂಜೆ ಬೀಗ ತೆಗೆದು ಒಳಗೆ ಬರುತ್ತಿದ್ದ, ತಾನೇ ಒಂದಿಷ್ಟು ಬೇಯಿಸಿಕೊಂಡು ತಿಂದು, ತಟ್ಟೆ ತೊಳೆದಿಟ್ಟು ಕೂರುತ್ತಿದ್ದ. ಮೆಟ್ಟಿಲ ಮೇಲೆ ಯಾರದೇ ಕಾಲಿನ ಸದ್ದಾದರೂ ಕಿವಿ ಅತ್ತಲೇ ಹೋಗುತ್ತಿತ್ತು. ಎಲ್ಲವೂ ಬೇರೆಯವರ ಮನೆಗೆ ಹೋಗುವ ಕಾಲುಗಳು.

ಅವನು ನಿವೃತ್ತನಾಗುವ ಹೊತ್ತಿಗೆ ಮೂರನೇ ಸಲ ಅದೇ ಕಾದಂಬರಿ ಎತ್ತಿಕೊಂಡರು. ಈಗಿನ ನಿರ್ದೇಶಕಿ ಚಿಕ್ಕ ವಯಸ್ಸಿನವಳು, ಬುದ್ಧಿವಂತೆ, ಮಾತೂ ಮೃದು. ಹಳೇ ಟೇಪು ಉಳಿದಿಲ್ಲ, ಆದರೆ ಆ ಮೇಸ್ತ್ರಿಯ ಹೆಜ್ಜೆಯನ್ನು ನಮ್ಮಜ್ಜಿ ಈಗಲೂ ನೆನೆಯುತ್ತಾರೆ, ಅದನ್ನೇ ಇಡಿ ಸರ್ ಎಂದಳು. ಸ್ವಲ್ಪ ಸಮಯ ಕೊಡಮ್ಮ, ಒಬ್ಬರನ್ನ ಕೇಳ್ಬೇಕು ಎಂದ ಸದ್ದಿನಯ್ಯ. ಹೆಜ್ಜೆಗೆ ಯಾರನ್ನು ಕೇಳುವುದು ಎಂದು ಅವಳಿಗೆ ಹೊಳೆಯಲಿಲ್ಲ.

ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬಾಯೊಳಗೇ ಮಾತು ಜೋಡಿಸಿದ, ಕೆಡವಿದ, ಮತ್ತೆ ಜೋಡಿಸಿದ. ಕ್ಷಮಿಸು ಎನ್ನಬೇಕು, ಅವಳು ಮುಖದ ಮೇಲೆ ಬಾಗಿಲು ಹಾಕಿದರೂ ಎನ್ನಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡ. ಮಗಳ ಮನೆಯೂ ಮಹಡಿಯ ಮೇಲೆ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಬಾಗಿಲು ತಟ್ಟಿದ, ಯಂತ್ರ ನಿಂತಿತು. ಯಾರು ಎಂದು ಕೇಳಿತು ದನಿ. ಕಿವಿಗೊಟ್ಟು ನಿಂತ. ಒಳಗಿಂದ ಬಂದದ್ದು ಸರಿಸಮನಾದ, ಹದವಾದ ಹೆಜ್ಜೆ, ಯಾರೋ ಬೇರೆ ಹೆಂಗಸಿನದು. ಮನೆ ತಪ್ಪಿತು ಎಂದುಕೊಂಡು ಎರಡು ಮೆಟ್ಟಿಲು ಇಳಿದೂಬಿಟ್ಟ. ಹಿಂದೆ ಬಾಗಿಲು ತೆರೆಯಿತು.

ಮಗಳೇ ನಿಂತಿದ್ದಳು. ಗಿಡ್ಡ ಕಾಲಿಗೆ ದಪ್ಪ ಅಟ್ಟೆಯ ಬೂಟು.

“ನೀವಾ? ಬಂದದ್ದು ಗೊತ್ತೇ ಆಗ್ಲಿಲ್ಲ. ನಿಮ್ ಹೆಜ್ಜೆ ಹೇಗಿರತ್ತೆ ಅಂತಾನೇ ನಂಗೊತ್ತಿಲ್ಲ.”

ಚಿಕ್ಕವಳಿದ್ದಾಗ ನೀನು ಎನ್ನುತ್ತಿದ್ದವಳು. ಸದ್ದಿನಯ್ಯ ಒಳಗೆ ಹೋಗಿ ಕೂತ, ನೀರು ಕುಡಿದ, ಬಂದ ಕಾರಣ ಹೇಳಿದ. ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. “ತಪ್ಪಾಯ್ತಮ್ಮ. ಅವತ್ತೇ ಹೇಳ್ಬೇಕಿತ್ತು,” ಎಂದಷ್ಟೇ ಹೊರಟಿತು.

ಅವಳು ಹೊಲಿಯುತ್ತಿದ್ದ ಬಟ್ಟೆಯ ಅಂಚು ನೀವಿ ಪಕ್ಕಕ್ಕಿಟ್ಟಳು. ಆಮೇಲೆ, ಒಂದ್ಸಲ ನಡೆದು ತೋರ್ಸಿ ಎಂದಳು. ಅವನು ಹಿಂದೆಮುಂದೆ ನೋಡಿದ. ಅವಳು ಯಂತ್ರದ ಕಡೆ ಮುಖ ತಿರುಗಿಸಿಕೊಂಡಳು. ಸದ್ದಿನಯ್ಯ ಬಾಗಿಲಿಂದ ಕಿಟಕಿಯವರೆಗೆ ನಡೆದ, ತಿರುಗಿ ಬಂದ. ಒಂದು ಗಟ್ಟಿ, ಒಂದು ಮೆಲು. ಇಷ್ಟು ವರ್ಷವಾದರೂ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅವಳ ಹೆಗಲು ಅಲುಗುತ್ತಿತ್ತು.

“ಅಮ್ಮ ಇದನ್ನ ಕೇಳೇ ಬಾಗಿಲು ತೆಗೀತಿದ್ಲು. ಈ ಬೂಟು ಹಾಕ್ಕೊಂಡ್ಮೇಲೆ ನಂಗೇ ಮರ್ತುಹೋಗಿತ್ತು,” ಎಂದಳು. ಕಣ್ಣೊರೆಸಿಕೊಂಡು, ತಿರುಗದೆಯೇ ಹೇಳಿದಳು: “ಇನ್ನು ಅದನ್ನ ಯಾರಿಗೂ ಕೊಡ್ಬೇಡ, ಅಪ್ಪ.”

ಇಲ್ಲ ಎಂದ. ಉಳಿದು ಹೋಗು ಎಂದು ಅವಳು ಅನ್ನಲಿಲ್ಲ, ಉಳಿಯಲೇ ಎಂದು ಅವನು ಕೇಳಲಿಲ್ಲ. ಹೊಲಿದ ಬಟ್ಟೆ ಒಯ್ಯಲು ಜನ ಬರುವ ಹೊತ್ತಾಗಿತ್ತು. ಮೆಟ್ಟಿಲ ತನಕ ಬಂದು ನಿಂತಳು, ಅಷ್ಟೇ.

ಹೊಸ ನಾಟಕದ ಮೇಸ್ತ್ರಿ ಎಲ್ಲರಂತೆ ಬೂಟು ಕುಟ್ಟಿಕೊಂಡು ಬಂದ. ನಿರ್ದೇಶಕಿ ಸಪ್ಪೆಯಾಯಿತು ಎಂದಳು. ಅವಳು ಹೇಳಿದ್ದು ನಿಜ, ಸಪ್ಪೆಯೇ ಆಗಿತ್ತು. ಸದ್ದಿನಯ್ಯ ತಲೆಯಾಡಿಸಿ ಒಪ್ಪಿಕೊಂಡ, ಹೆಜ್ಜೆ ಮಾತ್ರ ಬದಲಿಸಲಿಲ್ಲ.

ಮೊದಲ ಕಂತು ಬಂದ ದಿನ ಸಂಜೆ, ಕೈಯಲ್ಲಿ ತರಕಾರಿಯ ಚೀಲ ಹಿಡಿದು ಮನೆಯ ಮೆಟ್ಟಿಲು ಹತ್ತುತ್ತಿದ್ದ. ಸುತ್ತಮುತ್ತ ಯಾರೂ ಇರಲಿಲ್ಲ. ಅರ್ಧ ಹತ್ತಿ ಒಂದು ಗಳಿಗೆ ನಿಂತ. ಆಮೇಲೆ ಅವನ ಕಾಲು ತಾನಾಗಿ ಒಂದು ಗಟ್ಟಿ, ಒಂದು ಮೆಲು ಇಡತೊಡಗಿತು. ಮರದ ಮೆಟ್ಟಿಲು ಹಿಂದಿನ ಹಾಗೆಯೇ ಸದ್ದು ಮಾಡಿತು. ಎದುರು ಮನೆಯ ಬಾಗಿಲು ದಡಕ್ಕನೆ ತೆರೆದು, ಬೆನ್ನು ಬಾಗಿದ ಅಕ್ಕ ಮುಖವೆಲ್ಲ ಅರಳಿಸಿಕೊಂಡು ಹೊರಗೆ ಬಂದಳು.

“ಪುಟ್ಟಿ ಬಂದ್ಲಾ?”

“ಇಲ್ಲ ಅಕ್ಕ, ನಾನೇ,” ಎಂದ ಸದ್ದಿನಯ್ಯ. ಜೇಬಿನಲ್ಲಿ ಕೀಲಿಕೈ ಹುಡುಕಿ, ತನ್ನ ಬಾಗಿಲು ತಾನೇ ತೆಗೆದುಕೊಂಡು ಒಳಗೆ ಹೋದ.