ಎಣಿಕೆ ತಪ್ಪಿದ ಒಂದು ಮಿಡಿತ

ಅವತ್ತು ಸೊರಬದ ಬಸ್ ನಿಲ್ದಾಣದಲ್ಲಿ ಆ ಮಾತನ್ನು ನಾನು ಆಡಿದೆನೋ, ಆಡಿದೆನೆಂದು ಆಮೇಲೆ ನಂಬಿಕೊಂಡೆನೋ, ಖಚಿತವಾಗಿ ಹೇಳಲಾರೆ. ಅದರ ಶ್ರೇಯಸ್ಸು ಮಾತ್ರ ಗೆಳೆಯನ ಪಾಲಾಯಿತು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾವಿಬ್ಬರೂ ಎಂ.ಎಸ್ಸಿ.ಯಲ್ಲಿ ಒಂದೇ ಬೆಂಚಿನವರು. ನಾನು ಶಿಕಾರಿಪುರದಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಅವನು ಸೊರಬದಲ್ಲಿ. ನಮ್ಮ ಹಳೆಯ ಮೇಷ್ಟ್ರು ಇಬ್ಬರಿಗೂ ಸೇರಿಸಿ ಒಂದು ಕೆಲಸ ಕೊಟ್ಟಿದ್ದರು. ಲಕ್ಷಾಂತರ ನಕ್ಷತ್ರಗಳು ಒತ್ತೊತ್ತಾಗಿ ಸೇರಿದ ಒಂದು ಗೋಳಾಕಾರದ ಗುಚ್ಛ. ಅದರಲ್ಲಿ ಕೆಲವು ಸುಮಾರು ಅರ್ಧ ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತ ಮಿಡಿಯುತ್ತವೆ. ಹಿಂದಿನವರು ಗಾಜಿನ ಫೋಟೊ ಪ್ಲೇಟುಗಳಿಂದ ಗುರುತಿಸಿದ ಮಿಡಿತದ ಸಮಯಗಳನ್ನೂ ಈಗಿನವನ್ನೂ ಜೋಡಿಸಿ, ಅದರ ಅವಧಿ ಬದಲಾಗುತ್ತಿದೆಯೇ ಎಂದು ನೋಡಬೇಕಿತ್ತು. ಒಂದು ನಕ್ಷತ್ರ ಮಾತ್ರ ಹಾದಿಗೆ ಬರಲಿಲ್ಲ. ನಡುವೆ ಯಾರೂ ಅದನ್ನು ನೋಡದ ವರ್ಷಗಳಿದ್ದವು. ಅವುಗಳ ಈಚೆಗೆ ಅವಧಿ ಇದ್ದಕ್ಕಿದ್ದಂತೆ ಜಿಗಿದಂತೆ ಕಾಣುತ್ತಿತ್ತು.

ಅದಕ್ಕೆಂದು ನಾನು ಸೊರಬಕ್ಕೆ ಹೋದದ್ದು ಒಂದೇ ಸಲ. ಸಂಜೆ ವಾಪಸು ಬಸ್ಸಿಗೆ ಕಾಯುತ್ತ, ಗ್ರಾಫನ್ನು ತೊಡೆಯ ಮೇಲೆ ಹರಡಿಕೊಂಡು ಇಬ್ಬರೂ ಕೂತಿದ್ದೆವು. ಬಸ್ ಬಂದಾಗ ಅರ್ಧ ಗಂಟೆ ಲೇಟೆಂದು ಬೈದೆ. ಟೀ ಅಂಗಡಿಯವರು ನಕ್ಕರು.

"ಲೇಟೆಲ್ಲಿ ಸಾರ್? ನಿಮ್ದು ಹೋಗಿ ಆತು. ಇದು ಅದರ ಹಿಂದಿಂದು. ನೀವ್ ತಲೆ ಎತ್ತಿದ್ರೆ ತಾನೆ ಕಾಣೋದು."

ಆಗ ನಾನು ಗೆಳೆಯನ ಕಡೆ ತಿರುಗಿ, "ನಕ್ಷತ್ರ ಜಿಗಿದಿಲ್ಲ ಕಣೋ. ಯಾರೂ ನೋಡ್ದೇ ಇದ್ದಾಗ ಒಂದು ಮಿಡಿತ ಆಗ್ಹೋಗಿದೆ, ನಾವು ಎಣಿಸಿಲ್ಲ" ಅಂದೆ. ಹಾಗೆಂದು ನೆನಪು. ಒಂದು ಮಿಡಿತ ಸೇರಿಸಿದೊಡನೆ ಚುಕ್ಕೆಗಳೆಲ್ಲ ನಯವಾಗಿ ಬಾಗಿದ ಒಂದು ಗೆರೆಯ ಮೇಲೆ ಕೂತವು. ಅವಧಿ ಜಿಗಿದಿರಲಿಲ್ಲ, ನಿಧಾನವಾಗಿ ಉದ್ದವಾಗುತ್ತ ಬಂದಿತ್ತು.

ಮುಂದೆ ಒಂದು ಸಭೆಯಲ್ಲಿ ಮೇಷ್ಟ್ರು ಅವನನ್ನು ಎದ್ದು ನಿಲ್ಲಿಸಿ, "ಎಣಿಕೆ ತಪ್ಪಿದ್ದನ್ನು ಕಂಡುಹಿಡಿದವರು ಇವರು" ಎಂದರು. ಆಮೇಲೆ ನನ್ನತ್ತ ನೋಡಿ, "ನೀವೂ ಜೊತೆಗಿದ್ರಿ, ಅಲ್ವೇನ್ರೀ?" ಅಂದರು. ಚಪ್ಪಾಳೆ ತಟ್ಟಿದೆ. ಅವನ ಇಸ್ತ್ರಿ ಮಾಡಿದ ಕಾಲರನ್ನು ಸಹ ಸಹಿಸಲಾಗಲಿಲ್ಲ. ಊಟದ ಸಾಲಿನಲ್ಲಿ ಕೇಳಿಯೇಬಿಟ್ಟೆ: "ಬಸ್ ಸ್ಟ್ಯಾಂಡಲ್ಲಿ ಅದನ್ನ ಹೇಳಿದ್ದು ಯಾರೋ?"

"ಎಂತ ಮಾರಾಯ, ಅವತ್ತು ನೀನು ಬಸ್ಸಿನವ್ರಿಗೆ ಬೈದಿದ್ದೊಂದೇ ನಂಗೆ ನೆನಪು. ಹಪ್ಪಳ ಇಸ್ಕೊ, ಖಾಲಿ ಆಗ್ತದೆ."

ಅವನ ಕಾಲೇಜಿನ ಗೋಡೆಗೆ ಆ ಗ್ರಾಫನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆಂದು ಕೇಳಿದ ಮೇಲೆ, ಸೊರಬದ ಒಂದು ಮದುವೆಯನ್ನೂ ತಪ್ಪಿಸಿಕೊಂಡೆ.

ವರ್ಷಗಟ್ಟಲೆ ನನ್ನ ವಿದ್ಯಾರ್ಥಿಗಳಿಗೆ ಬಸ್ಸಿನ ಕಥೆ ಹೇಳಿದೆ. ಪ್ರತಿ ಸಲವೂ ಟೀ ಅಂಗಡಿಯವರ ಮಾತು ಒಂದಿಷ್ಟು ಚುರುಕಾಗುತ್ತ ಹೋಯಿತು. ಅನುಮಾನ ಹುಟ್ಟಿದ್ದು ಅದರಿಂದಲೇ. ನಿಜವಾದ ಅಳತೆ ಹೀಗೆ ಸಲದಿಂದ ಸಲಕ್ಕೆ ಚೆಂದವಾಗುವುದಿಲ್ಲ. ಕಳೆದ ವಾರ ಹಳೆಯ ಇಮೇಲ್‌ಗಳನ್ನು ಹುಡುಕಿದೆ.

ನಾನು ಸೊರಬಕ್ಕೆ ಹೋದ ದಿನ ಬೆಳಗ್ಗೆ ಆರೂವರೆಗೆ ಅವನು ಮೇಷ್ಟ್ರಿಗೂ ನನಗೂ ಬರೆದಿದ್ದ: ನಡುವೆ ನಾವು ಒಂದು ಮಿಡಿತ ಎಣಿಸದೆ ಬಿಟ್ಟಿರಬಹುದು. ಎಂಟು ಗಂಟೆಗೆ ನನ್ನ ಉತ್ತರ ಹೋಗಿದೆ: "ಓದಿದೆ. ಬಸ್ ಹತ್ತಿದೀನಿ."